ಮೊದಲು ಕಣ, ಆಮೇಲೆ ಯಂತ್ರ

ಜೈವಿಕ ಇಂಧನದ ಮೇಳಕ್ಕೆ ಎಣ್ಣೆ ಗಾಣದವನನ್ನು ಯಾಕೆ ಕರೆದರೋ! ಟೇಪು ಕತ್ತರಿಸಿದ್ದಾಯಿತು. ಇನ್ನು ನನಗೆ ಗೊತ್ತಿರುವ ಹೊಂಗೆಬೀಜದ ಮಾತಾಡುತ್ತೇನೆ.

ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲೇ ಜನರೇಟರ್ ಓಡಿಸಿ ನೀರೆತ್ತಿಸಿದ್ದರು. ಒಂದೇ ವೇಗದಲ್ಲಿ ಓಡುವ ಜನರೇಟರು ಹೇಗೋ ತಡೆದುಕೊಳ್ಳುತ್ತದೆ. ಈಗಿನ ಲಾರಿ, ಕಾರಿನ ನಾಜಲ್‌ಗೆ ಆ ಎಣ್ಣೆ ತೀರಾ ಮಂದ. ಅದಕ್ಕೇ ಮೆಥನಾಲ್, ಕಾಸ್ಟಿಕ್ ಸೋಡಾ ಹಾಕಿ, ಸುಮಾರು 60 ಡಿಗ್ರಿ ಬಿಸಿಯಲ್ಲಿ ಕಲಕುತ್ತಾರೆ. ಗ್ಲಿಸರಿನ್ ಕೆಳಗಿಳಿಯುತ್ತದೆ, ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ಒಳಗೆ ಮಳಿಗೆಯವರು ಮಾಡಿ ತೋರಿಸುತ್ತಾರೆ, ನೋಡಿ.

ಆದರೆ ಬೀಜ ಒದ್ದೆಯಿದ್ದರೆ? ಬೂಸಲು ಹಿಡಿಯುತ್ತದೆ, ಎಣ್ಣೆಯಲ್ಲಿ ಆಮ್ಲ ಏರುತ್ತದೆ, ಆಮ್ಲ ಕಾಸ್ಟಿಕ್ಕನ್ನು ನುಂಗಿಹಾಕುತ್ತದೆ. ಆಗ ಪಾತ್ರೆಯಲ್ಲಿ ಸಿಗುವುದು ಸೋಪು! ಮೊದಲೊಂದು ಸಲ ಆಮ್ಲದ ಸಂಸ್ಕಾರ ಕೊಟ್ಟು ಸರಿಪಡಿಸಬಹುದು, ಆದರೆ ಅದರ ಖರ್ಚು ಯಾರು ಕೊಡಬೇಕು?

ನಮ್ಮಪ್ಪ ಬೀಜ ಕೊಳ್ಳುವಾಗ ಮೂಟೆಯೊಳಗೆ ಮೊಣಕೈವರೆಗೂ ಕೈ ಹಾಕುತ್ತಿದ್ದರು. ಒಳಗೆ ಬೆಚ್ಚಗಿದ್ದರೆ ಮಾತಿಲ್ಲ, ವಾಪಸ್ಸು. ಬಾಯಿ ಹತ್ತಿರದ ಬೀಜ ಮಾತ್ರ ಒಣಗಿಸಿ ತರುವ ಜಾಣರೂ ಇದ್ದರು. ಚೆನ್ನಾಗಿ ಒಣಗಿಸಿ ತಂದವರಿಗೆ ಅಪ್ಪ ನಾಲ್ಕು ಕಾಸು ಹೆಚ್ಚು ಕೊಡುತ್ತಿದ್ದರು. ಅಮ್ಮ ಗೊಣಗುತ್ತಿದ್ದಳು, ಆ ಮಾತು ಬೇರೆ.

ಈಗ ಆ ನಾಲ್ಕು ಕಾಸೇ ಇಲ್ಲ. ಬೇಸಿಗೆಯಲ್ಲಿ ರಸ್ತೆ ಬದಿ, ಬದುಗಳಲ್ಲಿ ಕಾಯಿ ಆಯ್ದು, ಬಡಿದು, ಬೀಜ ಬಿಡಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಒಣಗಿಸಿದರೆ ತೂಕ ಇಳಿಯುತ್ತದೆ. ಒದ್ದೆಗೂ ಒಣಗಿದ್ದಕ್ಕೂ ಒಂದೇ ದರ ಅಂದಮೇಲೆ ಆಕೆ ಯಾಕಾದರೂ ಒಣಗಿಸಬೇಕು? ನಾವು ಮಾತ್ರ ಕೋಟಿಗಟ್ಟಲೆ ಖರ್ಚಿನ ಯಂತ್ರದ ಬಗ್ಗೆ ವಿಚಾರ ಸಂಕಿರಣ ಮಾಡುತ್ತೇವೆ. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದವರೂ ಇದನ್ನು ಬಲ್ಲರು: ಗಿಡ ನೆಟ್ಟರೆ ಕೆಲಸ ಮುಗಿಯಲಿಲ್ಲ, ಬೀಜ ಬರಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಬೀಜ ಒಣಗಿಸಲು ಹಳ್ಳಿಗೊಂದು ಸಿಮೆಂಟಿನ ಕಣ. ಒಣ ಬೀಜಕ್ಕೆ ಬೇರೆ ದರ, ಅವತ್ತೇ ನಗದು. ನಾಲ್ಕು ಕಿಲೋ ಬೀಜ ಅರೆದರೆ ಹೆಚ್ಚುಕಡಿಮೆ ಒಂದು ಕಿಲೋ ಎಣ್ಣೆ, ಉಳಿದದ್ದು ಹಿಂಡಿ, ಹೊಲಕ್ಕೆ ಒಳ್ಳೆಯ ಗೊಬ್ಬರ. ಬೀಜ ತಂದವರಿಗೇ ಅದು ಮೊದಲು, ಕಡಿಮೆ ದರದಲ್ಲಿ ಸಿಗಲಿ.

ಮಳಿಗೆಯವರಲ್ಲಿ ಯಾರಾದರೂ ತೇವ ಅಳೆಯುವ ಮೀಟರ್ ಇಟ್ಟಿದ್ದರೆ ನನಗೆ ತೋರಿಸಿ. ಅಪ್ಪನ ಕೈಯಷ್ಟು ನಂಬಿಕಸ್ತವಾಗಿದ್ದರೆ ಎರಡು ಕೊಳ್ಳುತ್ತೇನೆ. ಚೌಕಾಸಿ ಮಾತ್ರ ಮಾಡೇ ಮಾಡುತ್ತೇನೆ. ಮೇಳ ಶುರುವಾಗಲಿ.