ಡ್ರೋನ್ ಪರೀಕ್ಷೆಯೂ ಒಂದು ವಿಭಕ್ತಿ ಪ್ರತ್ಯಯವೂ

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೂ ಡ್ರೋನ್ ಹಾರಿಸುವವರ ಪರೀಕ್ಷೆಗೂ ಏನು ನಂಟು ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸೀತು. ನಂಟು ಉಂಟು. ಕಳೆದ ಒಂದೆರಡು ವರ್ಷಗಳಲ್ಲಿ ಈ ಪರೀಕ್ಷೆಗೆ ಕೂರುವ ಕೆಲವು ತರುಣರು, ಅವರಿಗಿಂತ ಹೆಚ್ಚಾಗಿ ಮಹಿಳಾ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು, ಟಿಪ್ಪಣಿಯ ಹಾಳೆಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದುಹೋಗುತ್ತಿದ್ದಾರೆ. ಯಂತ್ರದ ವಿಷಯವನ್ನು ಅವರು ನನ್ನಲ್ಲಿ ಕೇಳುವುದಿಲ್ಲ; ಅದನ್ನು ಅವರೇ ನನಗೆ ಕಲಿಸಿಯಾರು. ಅವರಿಗೆ ಬೇಕಾದುದು ಇಂಗ್ಲಿಷ್ ವಾಕ್ಯಗಳ ಅರ್ಥ. ಹೀಗೆ ಅವರೊಡನೆ ಓದುತ್ತ ಓದುತ್ತ ಈ ಪರೀಕ್ಷೆಯ ಸ್ವರೂಪ ನನಗೂ ಕೊಂಚ ತಿಳಿಯಿತು. ಅದನ್ನು ಓದತಕ್ಕ ಬಗೆಯ ಬಗ್ಗೆ ಕೆಲವು ಮಾತುಗಳನ್ನು ಇಂದು ಹೇಳಬಯಸುತ್ತೇನೆ.

ಮೊದಲು ನಿಯಮ. ನಮ್ಮ ದೇಶದಲ್ಲಿ ಡ್ರೋನುಗಳಿಗೆ ಸಂಬಂಧಿಸಿದ ನಿಯಮಾವಳಿ 2021ರ ಆಗಸ್ಟ್ 25ರಂದು ಪ್ರಕಟವಾಯಿತು. ಜನ ಇಂದಿಗೂ ಲೈಸೆನ್ಸ್ ಎನ್ನುತ್ತಾರಾದರೂ, 2022ರ ಫೆಬ್ರವರಿಯ ತಿದ್ದುಪಡಿಯಿಂದ ಆ ಲೈಸೆನ್ಸು ಹೋಗಿ ಪ್ರಮಾಣಪತ್ರವೊಂದು ಅದರ ಜಾಗಕ್ಕೆ ಬಂದಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ತರಬೇತಿ ಸಂಸ್ಥೆಯಲ್ಲಿ ಕಲಿತು, ಅಲ್ಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಅದು ದೊರೆಯುತ್ತದೆ. 10 ವರ್ಷ ನಡೆಯುತ್ತದೆ. ಹತ್ತನೆಯ ತರಗತಿ ಮುಗಿಸಿರಬೇಕು. ವಯಸ್ಸು 18ಕ್ಕೆ ಕಡಿಮೆಯಿರಬಾರದು, 65ನ್ನು ಮೀರಿರಬಾರದು. ಈ ಲೆಕ್ಕದಲ್ಲಿ ನನಗೆ ಇನ್ನೂ ಒಂದು ವರ್ಷದ ಅವಕಾಶವಿದೆ. ಮನೆಯವರು ಈ ಭಾಷಣವನ್ನು ಕೇಳುತ್ತಿಲ್ಲವೆಂದು ನಂಬಿದ್ದೇನೆ. ಮೊದಲು ಪಾಸ್‌ಪೋರ್ಟ್ ಬೇಕೆಂಬ ಕಟ್ಟಳೆಯಿತ್ತು. ಹಳ್ಳಿಯ ಹೆಣ್ಣುಮಗಳು ಪಾಸ್‌ಪೋರ್ಟನ್ನು ಎಲ್ಲಿಂದ ತಂದಾಳು? 2023ರ ಸೆಪ್ಟೆಂಬರಿನಲ್ಲಿ ಅದನ್ನು ಸಡಿಲಿಸಿ, ಮತದಾರರ ಚೀಟಿ, ಪಡಿತರ ಚೀಟಿಗಳಂಥ ಸರ್ಕಾರಿ ಗುರುತುಪತ್ರಗಳು ಸಾಕೆಂದರು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರವು 1,261 ಕೋಟಿ ರೂಪಾಯಿಗಳ ವೆಚ್ಚದಲ್ಲಿ 15,000 ಮಹಿಳಾ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಸಂಘದ ಒಬ್ಬ ಸದಸ್ಯೆಗೆ 15 ದಿನಗಳ ತರಬೇತಿ. ಅದರೊಳಗೆ 5 ದಿನ ಹಾರಾಟದ ಕಡ್ಡಾಯ ಪಾಠ, ಉಳಿದ ದಿನಗಳು ಗೊಬ್ಬರ, ಔಷಧಿ ಸಿಂಪಡಿಸುವ ಕೃಷಿಪಾಠ.

ಐದು ದಿನ ಎಂಬುದನ್ನು ಗಮನಿಸಬೇಕು. ಅಷ್ಟರೊಳಗೆ ಕಾನೂನು, ಹಾರಾಟದ ತತ್ತ್ವ, ಹವೆ, ರೇಡಿಯೋ ಸಂಭಾಷಣೆ, ಬ್ಯಾಟರಿ, ಅಪಾಯ ಬಂದಾಗಿನ ಕ್ರಮ ಎಲ್ಲವೂ ತಲೆಗೆ ಹತ್ತಬೇಕು, ಕೈಗೂ ಪಳಗಬೇಕು. ಇಷ್ಟು ಅಲ್ಪಕಾಲದಲ್ಲಿ ಮನುಷ್ಯ ಹಿಡಿಯುವ ದಾರಿ ಬಾಯಿಪಾಠ. ಹಳೆಯ ಪ್ರಶ್ನೆಗಳ ಕಟ್ಟೊಂದು ಕೈಯಿಂದ ಕೈಗೆ ಹೋಗುತ್ತದೆ. ‘ನಾನೂರು’ ಎಂಬ ಅಂಕಿ ಕಂಡರೆ ಇದು ಉತ್ತರ, ‘ನಲವತ್ತೆಂಟು’ ಕಂಡರೆ ಅದು ಉತ್ತರ. ನಾನು ಬಾಯಿಪಾಠದ ವಿರೋಧಿಯಲ್ಲ. ಛಂದಸ್ಸಿನ ಗಣಗಳನ್ನು ಬಾಯಿಪಾಠ ಮಾಡಿಸಿಯೇ ಜೀವನ ಸಾಗಿಸಿದವನು. ಆದರೆ ಇಲ್ಲಿಯ ಅಂಕಿಗಳಿಗೆ ಒಂದು ಗುಣವಿದೆ. ಅವುಗಳಲ್ಲಿ ಹೆಚ್ಚಿನವು ‘ಇಂದ’ ಎಂಬ ಪ್ರತ್ಯಯವಿಲ್ಲದೆ ಅರ್ಥವನ್ನೇ ಕೊಡುವುದಿಲ್ಲ. ಎಷ್ಟು ಎಂದು ಕಲಿತವನು ಎಲ್ಲಿಂದ ಎಂದು ಕಲಿಯದಿದ್ದರೆ ಪರೀಕ್ಷೆಯಲ್ಲಿ ಗೆದ್ದರೂ ಹೊಲದಲ್ಲಿ ಸೋಲುತ್ತಾನೆ. ನಮ್ಮ ವ್ಯಾಕರಣಕಾರರು ‘ಇಂದ’ವನ್ನು ತೃತೀಯೆಗೆ ಕೊಟ್ಟು, ಪಂಚಮಿಗೆ ‘ದೆಸೆಯಿಂದ’ ಎಂದು ಹೇಳಿದ್ದಾರೆ. ಆ ಚರ್ಚೆ ಇಲ್ಲಿ ಬೇಡ. ಮರದಿಂದ ಹಣ್ಣು ಬಿತ್ತು ಎನ್ನುವಾಗಿನ ‘ಇಂದ’ವನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಗಾಳಿಯನ್ನೇ ತೆಗೆದುಕೊಳ್ಳೋಣ. ಹವಾವರದಿಯಲ್ಲಿ ಗಾಳಿ 270 ಎಂದು ಬರೆದಿರುತ್ತದೆ. ಉತ್ತರದಿಂದ ಬಲಕ್ಕೆ ಎಣಿಸಿದರೆ 90 ಪೂರ್ವ, 180 ದಕ್ಷಿಣ, 270 ಪಶ್ಚಿಮ. ಹಾಗಾದರೆ ಈ ಗಾಳಿ ಪಶ್ಚಿಮದ ಕಡೆಗೆ ಬೀಸುತ್ತದೆಯೋ, ಪಶ್ಚಿಮದಿಂದ ಬೀಸುತ್ತದೆಯೋ? ಡ್ರೋನ್ 270ಕ್ಕೆ ಸಾಗುತ್ತಿದೆ ಎಂದರೆ ಅದು ಪಶ್ಚಿಮದ ಕಡೆಗೆ ಹೊರಟಿದೆ ಎಂದರ್ಥ. ಗಾಳಿಗೆ ಮಾತ್ರ ಇದು ತಿರುವುಮುರುವು. ಪದವೀಧರ ಹುಡುಗನೊಬ್ಬ ಇದರಲ್ಲಿ ಎರಡು ದಿನ ಒದ್ದಾಡಿದ. ಅವನ ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳೊಬ್ಬಳು, ಹತ್ತನೆಯ ತರಗತಿಗೇ ಓದು ನಿಲ್ಲಿಸಿದವಳು, ‘ಅಂದ್ರೆ ಪಡುವಣ ಗಾಳಿ ತಾನೇ ಮೇಷ್ಟ್ರೇ?’ ಎಂದಳು. ‘ಹೌದು ತಾಯಿ, ಅಷ್ಟೇ’ ಎಂದೆ. ಪಡುವಣ ಗಾಳಿ ಪಡುವಲಿಂದ ಬರುವ ಗಾಳಿ, ಮೂಡಣ ಗಾಳಿ ಮೂಡಲಿಂದ ಬರುವುದು; ನಮ್ಮ ಹಳೆಯ ಕವಿಗಳು ಹಾಡಿ ಹೊಗಳಿದ ತೆಂಕಣ ಗಾಳಿ ತೆಂಕಲಿಂದ ಬಂದದ್ದು. ಜಗತ್ತಿನ ಹವಾಶಾಸ್ತ್ರಜ್ಞರೆಲ್ಲ ಒಪ್ಪಿಕೊಂಡಿರುವ ಕ್ರಮ ಅವಳ ಅಜ್ಜಿಯ ನಾಲಗೆಯ ಮೇಲೆ ಮೊದಲೇ ಇತ್ತು. ಇಂಗ್ಲಿಷ್ ಹಾಳೆ ಅದನ್ನು ಅವಳಿಂದ ಮರೆಮಾಡಿತ್ತು, ಅಷ್ಟೆ.

ಇದು ಕೇವಲ ಅಂಕದ ಪ್ರಶ್ನೆಯಲ್ಲ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಸೀಮೆಯಲ್ಲಿ ಒಬ್ಬನ ಟೊಮೆಟೊ ತೋಟದ ಬದುವಿಗೆ ಇನ್ನೊಬ್ಬನ ಹಿಪ್ಪುನೇರಳೆ ತೋಟ ತಾಗಿರುತ್ತದೆ. ಟೊಮೆಟೊಗೆ ಸಿಂಪಡಿಸಿದ ಕೀಟನಾಶಕದ ಹನಿ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಎಲೆಯ ಮೇಲೆ ಕುಳಿತರೆ ಗಿಡಕ್ಕೇನೂ ಆಗದು. ಮರುದಿನ ಆ ಸೊಪ್ಪನ್ನು ತಿಂದ ರೇಷ್ಮೆ ಹುಳು ಸಾಯುತ್ತದೆ. ಹುಳುವೂ ಒಂದು ಕೀಟವೇ ತಾನೆ? ನಾಲ್ಕನೆಯ ಜ್ವರದಿಂದೆದ್ದು ಇನ್ನೇನು ಗೂಡು ಕಟ್ಟಬೇಕಾದ ಹುಳು ತಟ್ಟೆತಟ್ಟೆಯಾಗಿ ಸತ್ತರೆ ಆ ಮನೆಯ ಬೆಳೆ ಅಲ್ಲಿಗೆ ಮುಗಿಯಿತು, ಸಾಲ ಉಳಿಯಿತು. ಗಾಳಿ ಎಲ್ಲಿಂದ ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರ ಬರೆದವರು ಈ ಬದುವಿನ ಮೇಲೆ ನಿಂತಾಗ ಏನು ಮಾಡಿಯಾರು?

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಾಳಿ ಜೋರಾಗಿದ್ದರೆ ಸಿಂಪಡಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ಗಾಳಿ ಅಲುಗದ ಮುಂಜಾವವೇ ಉತ್ತಮವೆಂದು ಅದರಿಂದ ತೀರ್ಮಾನಿಸುತ್ತಾರೆ. ಇದು ಅರ್ಧ ಸತ್ಯ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತಿರುತ್ತದೆ. ಆಗ ಸಣ್ಣ ಹನಿಗಳು ಮೇಲೇರಿ ಚದುರಿಹೋಗುವುದಿಲ್ಲ, ಬೇಗ ಕೆಳಗೂ ಇಳಿಯುವುದಿಲ್ಲ. ತೇಲುತ್ತಲೇ ಇದ್ದು, ಒಂದು ಮಂದಗಾಳಿ ಸುಳಿದರೆ ದೂರದ ಹೊಲಕ್ಕೆ ಹೋಗಿ ಬೀಳುತ್ತವೆ. ಪುಸ್ತಕದಲ್ಲಿ ಇದಕ್ಕೆ ‘ಇನ್ವರ್ಷನ್’ ಎಂದು ಹೆಸರು. ಆ ಪದವನ್ನು ನೂರು ಸಲ ಬರೆದರೂ ಹುಡುಗರಿಗೆ ಏನೂ ಕಾಣದು. ‘ಚಳಿಗಾಲದ ಬೆಳಗ್ಗೆ ಒಲೆಯ ಹೊಗೆ ಮೇಲೇಳದೆ ಊರ ಮೇಲೆ ಚಾಪೆ ಹಾಸಿದಂತೆ ಹರಡಿರುವುದಿಲ್ಲವೇ, ಅದೇ ಇದು’ ಎಂದರೆ ತಲೆದೂಗುತ್ತಾರೆ. ಹೊಗೆ ಹಾಸಿಕೊಂಡಿರುವವರೆಗೆ ಔಷಧಿ ಹೊಡೆಯಬಾರದು. ಬಿಸಿಲೇರಿ ಹೊಗೆ ಎದ್ದ ಮೇಲೆ ನೋಡಬೇಕು.

ಎತ್ತರದ ಲೆಕ್ಕದಲ್ಲಿ ಮಾತ್ರ ನಮ್ಮ ಭಾಷೆ ಕೊಂಚ ತೊಡಕು ಕೊಡುತ್ತದೆಂದು ಒಪ್ಪಬೇಕು. ವಿಮಾನಯಾನದವರು ಹೈಟ್, ಆಲ್ಟಿಟ್ಯೂಡ್, ಎಲಿವೇಷನ್ ಎಂದು ಮೂರು ಪದಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ. ಮೊದಲನೆಯದು ಸಾಮಾನ್ಯವಾಗಿ ಕೆಳಗಿನ ನೆಲದಿಂದ ಹಾರುವ ವಸ್ತುವಿಗೆ, ಎರಡನೆಯದು ಸಮುದ್ರಮಟ್ಟದಿಂದ ಆ ವಸ್ತುವಿಗೆ, ಮೂರನೆಯದು ಸಮುದ್ರಮಟ್ಟದಿಂದ ಆ ನೆಲಕ್ಕೆ. ನಮಗೆ ಮೂರಕ್ಕೂ ‘ಎತ್ತರ’ ಒಂದೇ. ಒಬ್ಬ ವಿದ್ಯಾರ್ಥಿ ಮೊದಲನೆಯದಕ್ಕೂ ಮೂರನೆಯದಕ್ಕೂ ‘ನೆಲದೆತ್ತರ’ ಎಂದೇ ಬರೆದುಕೊಂಡಿದ್ದ. ಷಷ್ಠೀ ವಿಭಕ್ತಿ ಮಾಡಿದ ಅನಾಹುತ! ‘ನೆಲದಿಂದ ಎತ್ತರ’, ‘ಕಡಲಿಂದ ಎತ್ತರ’, ‘ನೆಲದ ಎತ್ತರ’ ಎಂದು ಬಿಡಿಸಿಕೊಟ್ಟ ಮೇಲೆ ಅವನಿಗೆ ದಾರಿ ಕಂಡಿತು. ಬೆಂಗಳೂರಿನ ನೆಲದ ಎತ್ತರ ಸುಮಾರು 3,000 ಅಡಿ. ಅಲ್ಲಿ ನೆಲದಿಂದ 100 ಅಡಿ ಮೇಲೆ ಹಾರುವ ಡ್ರೋನು ಕಡಲಿಂದ 3,100 ಅಡಿ ಮೇಲಿರುತ್ತದೆ. ಹಸಿರು ವಲಯದಲ್ಲಿ ನಿಯಮ ಹೇಳುವ 400 ಅಡಿಯ ಮಿತಿ ನೆಲದಿಂದ.

ಯಾವ ನೆಲದಿಂದ? ಯಂತ್ರದ ಪರದೆ ಸಾಮಾನ್ಯವಾಗಿ ತೋರಿಸುವುದು ಅದು ಮೇಲೆದ್ದ ಜಾಗದಿಂದ ಎಷ್ಟು ಮೇಲಿದೆ ಎಂಬುದನ್ನು. ಬಯಲುಸೀಮೆಯಲ್ಲಿ ಎರಡೂ ಒಂದೇ. ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದಲ್ಲಿ ಗುಡ್ಡದ ನೆತ್ತಿಯಿಂದ ಹಾರಿಸಿ ಕಣಿವೆಯ ಕಡೆಗೆ ಸಾಗಿಸಿದಿರೆನ್ನಿ. ಪರದೆ 300 ಅಡಿ ತೋರಿಸುತ್ತಿರುವಾಗ, ಕೆಳಗೆ ನೆಲ 200 ಅಡಿ ತಗ್ಗಿಗೆ ಇಳಿದಿದ್ದರೆ, ನೀವು ನೆಲದಿಂದ 500 ಅಡಿಯಲ್ಲಿದ್ದೀರಿ. ಮಿತಿ ಮೀರಿ ಆಯಿತು. ತಗ್ಗಿನಿಂದ ಹಾರಿಸಿ ಗುಡ್ಡದ ಕಡೆಗೆ ಹೋದರೆ ತಿರುಗುಬಾಣ. ಸಂಪರ್ಕ ಕಡಿದಾಗ ಯಂತ್ರ ತಾನಾಗಿ ಹೊರಟ ಜಾಗಕ್ಕೆ ಮರಳುವ ಏರ್ಪಾಡಿದೆ. ಯಾವ ಎತ್ತರದಲ್ಲಿ ಮರಳಬೇಕೆಂದು ಚಾಲಕ ಮೊದಲೇ ಗೊತ್ತುಮಾಡಿರಬೇಕು. ಆ ಎತ್ತರವೂ ಹೊರಟ ಜಾಗದಿಂದಲೇ. ಗುಡ್ಡದ ಮೇಲಿನ ಸಿಲ್ವರ್ ಓಕ್ ಮರಗಳು ಅದನ್ನು ಕಾಯುತ್ತ ನಿಂತಿರುತ್ತವೆ.

ವಿಮಾನ ನಿಲ್ದಾಣದ ಲೆಕ್ಕವೂ ಇದೇ ಜಾತಿಯದು. 5ರಿಂದ 8 ಕಿಲೋಮೀಟರಿನ ಪಟ್ಟಿಯಲ್ಲಿ ನೆಲಬಿಟ್ಟು ಏಳಬೇಕಾದರೂ ವಾಯುಸಂಚಾರ ನಿಯಂತ್ರಕರ ಅನುಮತಿ ಬೇಕು; 8ರಿಂದ 12ರ ಪಟ್ಟಿಯಲ್ಲಿ 200 ಅಡಿಯವರೆಗೆ ಹಸಿರು ವಲಯ, ಅದರ ಮೇಲೆ ಹಳದಿ. ಈ ದೂರಗಳನ್ನು ಎಲ್ಲರೂ ಒಪ್ಪಿಸುತ್ತಾರೆ. ಎಲ್ಲಿಂದ ಅಳೆಯಬೇಕು ಎಂದರೆ ಸುಮ್ಮನಾಗುತ್ತಾರೆ. ನಿಯಮದ ಮಾತು ಸ್ಪಷ್ಟವಾಗಿದೆ: ನಿಲ್ದಾಣದ ಪರಿಧಿಯಿಂದ. ಬೆಂಗಳೂರಿನ ನಿಲ್ದಾಣದ ಓಡುದಾರಿಗಳೇ 4 ಕಿಲೋಮೀಟರ್ ಉದ್ದ. ನಡುವಿನಿಂದ ಅಳೆದವನಿಗೂ ಪರಿಧಿಯಿಂದ ಅಳೆದವನಿಗೂ ಎಷ್ಟು ಅಂತರ ಬೀಳುತ್ತದೆಂದು ಕೇಳುಗರೇ ಊಹಿಸಬಹುದು. ವಲಯಗಳ ನಕಾಶೆ ಆಗಾಗ ಬದಲಾಗುತ್ತದೆಯಾದ್ದರಿಂದ ಹಾರಿಸುವ ದಿನವೇ ಅದನ್ನು ನೋಡತಕ್ಕದ್ದು.

‘ತಕ್ಕದ್ದು’ ಎಂದೆ. ಕಾನೂನಿನ ಭಾಗವನ್ನು ಓದುವವರು ಕ್ರಿಯಾಪದದ ಮೇಲೆ ಕಣ್ಣಿಡಬೇಕು. ಇಂಗ್ಲಿಷಿನಲ್ಲಿ ‘ಶಲ್’ ಎಂದಿದ್ದರೆ ‘ತಕ್ಕದ್ದು’, ‘ಮೇ’ ಎಂದಿದ್ದರೆ ‘ಬಹುದು’. ಅಪಘಾತವಾದರೆ 48 ಗಂಟೆಗಳೊಳಗೆ ವರದಿ ಮಾಡತಕ್ಕದ್ದು, ಮಾಡಬಹುದು ಎಂದಲ್ಲ. ತೂಕದ ವರ್ಗಗಳಲ್ಲಿಯೂ ಹಾಗೆಯೇ. 250 ಗ್ರಾಂ ಮೀರದ್ದು ನ್ಯಾನೋ, ಅದನ್ನು ಮೀರಿ 2 ಕಿಲೋ ಮೀರದ್ದು ಮೈಕ್ರೋ, ಅಲ್ಲಿಂದ 25 ಕಿಲೋವರೆಗೆ ಸಣ್ಣದು. ಸರಿಯಾಗಿ 250 ಗ್ರಾಂ ಇದ್ದರೆ? ‘ಮೀರದ್ದು’ ಎಂಬ ಪದದಲ್ಲಿ ಉತ್ತರವಿದೆ. ಈ ತೂಕ ಹೊತ್ತ ಸರಕಿನ ಸಮೇತವಾದದ್ದು ಎಂಬುದನ್ನೂ ಮರೆಯಬಾರದು. 10 ಲೀಟರ್ ನೀರೆಂದರೆ 10 ಕಿಲೋ ಅಲ್ಲವೆ?

ಯಂತ್ರದ ಭಾಗಕ್ಕೆ ನನ್ನ ಸಹಾಯ ಅಷ್ಟಾಗಿ ಬೇಕಾಗಲಿಲ್ಲ. ನಾಲ್ಕು ರೆಕ್ಕೆಗಳಲ್ಲಿ ಎರಡು ಬಲಕ್ಕೆ, ಎರಡು ಎಡಕ್ಕೆ ತಿರುಗಿ ಒಂದರ ಸೆಳೆತವನ್ನು ಇನ್ನೊಂದು ತೂಗಿಸುತ್ತದೆಂಬುದು ಅವರಿಗೆ ನೋಡಿಯೇ ತಿಳಿಯಿತು. ಪಿಚ್, ರೋಲ್, ಯಾ ಎಂಬ ಮೂರು ಚಲನೆಗಳಿಗೆ ಅವರೇ ‘ಬಾಗು, ವಾಲು, ತಿರುಗು’ ಎಂದು ಹೆಸರಿಟ್ಟುಕೊಂಡರು. ನಿಘಂಟು ಸಮಿತಿಯೊಂದು ಕುಳಿತಿದ್ದರೆ ಇದಕ್ಕೆ ಆರು ತಿಂಗಳು ಹಿಡಿದು, ಮೂರು ಸಂಸ್ಕೃತ ಸಮಾಸಗಳು ಹುಟ್ಟುತ್ತಿದ್ದವು. ಉಬ್ಬಿದ ಬ್ಯಾಟರಿಯನ್ನು ಬಳಸಬಾರದೆಂಬುದಕ್ಕೆ ಯಾರೂ ಅರ್ಥ ಕೇಳಲಿಲ್ಲ. ಕೈಚಳಕದಲ್ಲಿ ಎಲ್ಲರನ್ನೂ ಕಾಡಿದ್ದು ಒಂದೇ: ಯಂತ್ರದ ಮುಖ ಚಾಲಕನ ಕಡೆಗೆ ತಿರುಗಿದಾಗ ಎಡಬಲಗಳು ಅದಲುಬದಲಾಗುತ್ತವೆ. ಇದಕ್ಕೆ ಗಣಕಯಂತ್ರದ ಮೇಲಿನ ಕೃತಕ ಹಾರಾಟದಲ್ಲಿ ಬೆವರು ಸುರಿಸುವುದೊಂದೇ ಉಪಾಯ.

ಕನ್ನಡದಲ್ಲಿ ಅರ್ಥಮಾಡಿಕೊಳ್ಳಿ ಎಂದು ನಾನು ಹೇಳಿದುದನ್ನು ಇಂಗ್ಲಿಷ್ ಪದಗಳನ್ನು ಬಿಟ್ಟುಬಿಡಿ ಎಂದು ಯಾರೂ ತಿಳಿಯಬಾರದು. ನಿಯಂತ್ರಣ ಗೋಪುರದವರೊಡನೆ ಮಾತಾಡಬೇಕಾಗಿ ಬಂದಾಗ ಅವರ ಪದಗಳೇ ಬೇಕು. ರೇಡಿಯೋದಲ್ಲಿ ಬಿ, ಡಿ, ಪಿ, ಟಿ ಎಂಬ ಅಕ್ಷರಗಳು ಒಂದರಂತೆ ಇನ್ನೊಂದು ಕೇಳುತ್ತವೆಯಾದ್ದರಿಂದ, ಆಲ್ಫಾ, ಬ್ರಾವೊ, ಚಾರ್ಲಿ ಎಂದು ಮೊದಲಾಗುವ ಪದಗಳ ಮಾಲೆಯನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1956ರಲ್ಲಿ ಜಾರಿಗೆ ತಂದಿತು. ಒಂಬತ್ತಕ್ಕೆ ‘ನೈನರ್’ ಎನ್ನಬೇಕು, ಮೂರಕ್ಕೆ ‘ಟ್ರೀ’. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಇದನ್ನು ತಪ್ಪು ಉಚ್ಚಾರಣೆಯೆಂದು ತಿದ್ದಲು ಹೋಗುತ್ತಾರೆ. ನಮ್ಮ ಹುಡುಗಿಯರು ಬರೆದಂತೆಯೇ ಹೇಳುತ್ತಾರೆ, ಅವರದೇ ಸರಿ. ಅಭ್ಯಾಸಕ್ಕಾಗಿ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಊರಿನ ಹೆಸರನ್ನೂ ಈ ಮಾಲೆಯಲ್ಲಿ ದಿನಕ್ಕೆರಡು ಸಲ ಗಟ್ಟಿಯಾಗಿ ಹೇಳಿಕೊಳ್ಳಬೇಕು. ಮೊದಲ ಎರಡು ದಿನ ನಗು ಬರುತ್ತದೆ; ವಾರದೊಳಗೆ ನಾಲಗೆಗೆ ಹತ್ತುತ್ತದೆ.