ನೊಗದ ಇನ್ನೊಂದು ಬದಿ

ಗದಗ-ಬೆಟಗೇರಿಯ ಸಭಾಹಿರಿಯರೇ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ನಸುಕಿನ ಬಸ್ಸು ಹಿಡಿದು ಬಂದ ಬಂಧುಗಳೇ,

ದೇವರ ಜೊತೆ ಪಾಲುಗಾರರಾಗಿ ವಿಶ್ರಾಂತಿಯನ್ನೂ ದಾರಿಯನ್ನೂ ಕಾಣುವುದು ಹೇಗೆ ಎಂಬುದು ಈ ಸಮಾವೇಶದ ವಿಷಯ. ವಿಶ್ರಾಂತಿ ಎಂದ ಕೂಡಲೇ ಎಲ್ಲರ ಮುಖ ಅರಳುತ್ತದೆ. ಆದರೆ ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯ ತೆಗೆದು ನೋಡಿ. ದಣಿದವರನ್ನು ಹತ್ತಿರ ಕರೆದ ಯೇಸುಸ್ವಾಮಿ ಅವರಿಗೆ ಹಾಸಿಗೆ ಹಾಸಿಕೊಡಲಿಲ್ಲ, ತನ್ನ ನೊಗ ಹೊರಿಸಿದ.

ಎರೆಹೊಲದ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆ ಹೋರಿಯನ್ನು ಮೊದಲ ಸಲ ಹೂಡುವಾಗ ಪಕ್ಕಕ್ಕೆ ಪಳಗಿದ ಎತ್ತನ್ನೇ ಕಟ್ಟುತ್ತಾರೆ. ಹೋರಿ ಮುಂದೆ ನುಗ್ಗಿದರೆ ನೊಗ ಓರೆಯಾಗಿ ಅದರ ಹೆಗಲನ್ನೇ ಉಜ್ಜುತ್ತದೆ. ಹಿಂದೆ ಜಗ್ಗಿದರೂ ಅಷ್ಟೇ. ನಾಲ್ಕು ಸಾಲು ತಿರುಗುವಷ್ಟರಲ್ಲಿ ಅದು ಹಳೆಯ ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ. ಹಾಗೆ ನೋಡಿದರೆ ನಮ್ಮ ಸಭೆಗಳ ದಣಿವಿಗೆ ಕೆಲಸ ಜಾಸ್ತಿ ಆದದ್ದು ಕಾರಣವೆಂದು ನನಗನ್ನಿಸುವುದಿಲ್ಲ. ಜೋಡಿಯನ್ನು ಬಿಟ್ಟು ನುಗ್ಗುತ್ತೇವೆ, ಹೆಗಲು ಬಾಯುತ್ತದೆ.

ಸಾಕ್ಷಿಗೆ ದೂರ ಹೋಗುವುದು ಬೇಡ, ಪಕ್ಕದಲ್ಲೇ ಮಲ್ಲಸಮುದ್ರವಿದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಈ ಸೀಮೆಯ ಕಾಲಜ್ಞಾನಿ ಪಂಥದವರು ಅವರ ಮಾತಿಗೆ ಕಿವಿಗೊಟ್ಟರು. ಇನ್ನೇನು ಗುಂಪುಗುಂಪಾಗಿ ಬಂದೇಬಿಡುತ್ತಾರೆ ಎಂದು ನಂಬಿ ಮಿಶನ್ 1841ರಲ್ಲಿ ಮಲ್ಲಸಮುದ್ರದಲ್ಲಿ ಬೇಸಾಯದ ನೆಲೆ ಕಟ್ಟಲು ಹೊರಟಿತು. ನಿರೀಕ್ಷಿಸಿದ ಜನ ಬರಲಿಲ್ಲ. (ನಕ್ಷೆ ಕಂಡಷ್ಟು ಚೆನ್ನಾಗಿ ನೆಲ ಕಾಣುವುದಿಲ್ಲ, ನಮ್ಮ ಇಂದಿನ ಕಮಿಟಿಗಳಿಗೂ ಈ ರೋಗವಿದೆ.) ಅದೇ ಹೊತ್ತಿಗೆ ಬೆಟಗೇರಿಯಲ್ಲಿ, ನೇಕಾರರ ಓಣಿಗಳ ನಡುವೆ, ಇನ್ನೊಂದು ಕೆಲಸ ಶುರುವಾಗಿತ್ತು. ಉಳಿದದ್ದು ಅದು. ಶಾಲೆ ಬಂತು, ಸಭೆ ಬೆಳೆಯಿತು, ಮುಂದೆ ನಾವೆಲ್ಲ ಜರ್ಮನ್ ಆಸ್ಪತ್ರೆ ಎಂದು ಕರೆಯುವ ದವಾಖಾನೆಯೂ ಬಂತು.

ಹಾಗಾದರೆ ಮಲ್ಲಸಮುದ್ರಕ್ಕೆ ಹೋದದ್ದು ದೇವರ ಚಿತ್ತವಾಗಿರಲಿಲ್ಲವೇ? ಅಷ್ಟು ಸಲೀಸಾಗಿ ತೀರ್ಪು ಕೊಡಲು ನನಗೆ ಧೈರ್ಯವಿಲ್ಲ. ಪೌಲನೂ ಆಸ್ಯ ಸೀಮೆಯಲ್ಲಿ ಸಾರಬೇಕೆಂದಿದ್ದ, ತಡೆಯಾಯಿತು. ಬಿಥೂನ್ಯದ ಕಡೆ ತಿರುಗಿದ, ಅಲ್ಲೂ ತಡೆ. ತ್ರೋವ ಎಂಬ ಕಡಲತಡಿಯ ಊರಿಗೆ ಬಂದು ನಿಂತಾಗಲೇ ಮಕೆದೋನ್ಯದ ಕರೆ ಕೇಳಿಸಿದ್ದು. ಮುಚ್ಚಿದ ಎರಡು ಬಾಗಿಲುಗಳೂ ಮಾರ್ಗದರ್ಶನದ ಲೆಕ್ಕಕ್ಕೇ ಸೇರಿದವು. ನಡೆಯುತ್ತಿದ್ದವನಿಗೆ ಅವು ಸಿಕ್ಕವು, ಕೂತವನಿಗಲ್ಲ.

1914ರ ಮಹಾಯುದ್ಧ ಇನ್ನೊಂದು ಬಾಗಿಲು ಮುಚ್ಚಿತು. ಬ್ರಿಟಿಷ್ ಸರ್ಕಾರ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಹಿಡಿದಿಟ್ಟು, ಕೊನೆಗೆ ದೇಶ ಬಿಡಿಸಿತು. ಭಾನುವಾರ ಮಾತ್ರ ನಿಲ್ಲಲಿಲ್ಲ. ಉಪದೇಶಿಗಳು, ಶಾಲೆಯ ಮಾಸ್ತರರು, ಸಭೆಯ ಹಿರಿಯರು ಹೆಗಲು ಕೊಟ್ಟರು. ನಮ್ಮ ಸಭೆಗಳು ನಿಜವಾಗಿ ನಮ್ಮವಾದದ್ದು ಆಗಲೇ ಎಂದು ನಾನು ತಿಳಿದಿದ್ದೇನೆ. ಇಂದು ಅದೇ ಭಾರವನ್ನು ಒಬ್ಬ ಪಾದ್ರಿಯ ಮೇಲೆ ಹಾಕಿ ಹಿಂದಿನ ಬೆಂಚಿನಲ್ಲಿ ಕೂಡುತ್ತೇವಲ್ಲ, ಇದಕ್ಕೆ ಪಾಲುಗಾರಿಕೆ ಎನ್ನಲಾದೀತೇ?

ಇನ್ನು ವಿಶ್ರಾಂತಿಯ ಮಾತಿಗೆ ಬಂದರೆ, ಪ್ರವಾದಿ ಎಲೀಯನನ್ನು ನೆನೆಯಿರಿ. ಸಾವು ಬೇಡಿ ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವದೂತ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟ, ಎಬ್ಬಿಸಿ ಬಿಸಿ ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಮುಂದಿನ ದಾರಿ ಹೇಳಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ನಮ್ಮ ಸಭಾಪಾಲಕರನ್ನು ನೋಡಿ: ಭಾನುವಾರ ಒಂದೂರಲ್ಲಿ ಆರಾಧನೆ, ಮಧ್ಯಾಹ್ನ ಇನ್ನೊಂದೂರು, ಸಂಜೆ ರೋಗಿಯ ಮನೆ, ನಡುರಾತ್ರಿ ಮಣ್ಣಿನ ಸುದ್ದಿಯ ಫೋನು. ಊಟ ಆಯಿತೇ ಎಂದು ಕೇಳುವವರಿಲ್ಲ. ರಾತ್ರಿ ಪಾಳಿ ಮುಗಿಸಿ ನೇರ ಆರಾಧನೆಗೆ ಬಂದು ತೂಕಡಿಸುವ ನರ್ಸಮ್ಮನನ್ನು ದುರುಗುಟ್ಟಿ ನೋಡುವವರೂ ನಮ್ಮಲ್ಲಿದ್ದಾರೆ. ಆಕೆ ಮಲಗಲಿ ಬಿಡಿ.

ಮಧ್ಯಾಹ್ನದ ಗೋಷ್ಠಿಗೆ ಎರಡು ಸೂಚನೆ ಇಡುತ್ತೇನೆ. ಪ್ರತಿ ಸಭಾಪಾಲಕರಿಗೆ ಸೋಮವಾರ ಪೂರ್ತಿ ರಜೆ. ಅಂದು ಮನೆಭೇಟಿಗೆ ಹಿರಿಯರು ಇಬ್ಬಿಬ್ಬರಾಗಿ ಹೋಗಬೇಕು. ಮಳೆಗಾಲ ಮುಗಿಯುವತನಕ ಯಾವ ಹೊಸ ಕಟ್ಟಡದ ಠರಾವೂ ಬೇಡ. ಆ ತಿಂಗಳುಗಳಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರು ತಮಗೆ ಬೇಕಾದದ್ದು ಏನೆಂದು ತಾವೇ ಪ್ರಾರ್ಥಿಸಿ, ಕೂತು ಮಾತಾಡಿ, ಬರೆದು ಕಳಿಸಲಿ. ವಿರೋಧ ಇದ್ದವರು ಊಟದ ಮೊದಲೇ ಕಾರ್ಯದರ್ಶಿಗಳ ಹತ್ತಿರ ಹೆಸರು ಕೊಡಿ.