ಘಟ್ಟದ ಬುಡದ ಊರೂ ಸಾರಿಗೆಯ ಲೆಕ್ಕವೂ

ಸಾರಿಗೆ ಯೋಜನೆ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಬೆಂಗಳೂರಿನ ಮೇಲುಸೇತುವೆ, ಮೆಟ್ರೋ ರೈಲು, ಸಂಜೆಯ ಹೊತ್ತಿನ ವಾಹನಗಳ ಸಂದಣಿ. ಆ ಶಾಸ್ತ್ರ ಬೆಳೆದದ್ದೂ ಮಹಾನಗರಗಳಲ್ಲಿಯೇ. 1950ರ ದಶಕದಲ್ಲಿ ಅಮೆರಿಕೆಯ ಡೆಟ್ರಾಯಿಟ್ ಮತ್ತು ಷಿಕಾಗೊ ನಗರಗಳಲ್ಲಿ ತಜ್ಞರು ಮನೆಗಳಿಗೆ ಹೋಗಿ, ನಿನ್ನೆ ನೀವು ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ, ಯಾವ ವಾಹನದಲ್ಲಿ ಹೋದಿರಿ ಎಂದು ಕೇಳಿ ಬರೆದುಕೊಂಡರು. ಆ ಉತ್ತರಗಳಿಂದ ಮುಂದಿನ ಕಾಲದ ಸಂಚಾರವನ್ನು ಎಣಿಸುವ ಒಂದು ಕ್ರಮವನ್ನೇ ಕಟ್ಟಿದರು. ಅದೇ ಪ್ರಶ್ನೆಗಳನ್ನು ಕೊಡಗಿನ ಪಶ್ಚಿಮದ ಅಂಚಿನಲ್ಲಿರುವ ಸಂಪಾಜೆಯಲ್ಲಿ ಕೇಳಿದರೆ ಎಂತಹ ಉತ್ತರ ಬಂದೀತು? ಈ ದಿನ ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸಂಪಾಜೆಯನ್ನು ನೋಡದ ಶ್ರೋತೃಗಳಿಗಾಗಿ ಸ್ವಲ್ಪ ಪರಿಚಯ. ಮೈಸೂರಿನಿಂದ ಕುಶಾಲನಗರ, ಮಡಿಕೇರಿಗಳ ಮೂಲಕ ಮಂಗಳೂರಿನ ಕಡೆಗೆ ಹೋಗುವ ದಾರಿ, ಎಂದರೆ ಇಂದಿನ 275ನೆಯ ರಾಷ್ಟ್ರೀಯ ಹೆದ್ದಾರಿ, ಮದೆನಾಡು, ಜೋಡುಪಾಲ, ಕೊಯನಾಡುಗಳನ್ನು ಹಾದು, ಸುಮಾರು ಸಾವಿರ ಮೀಟರಿನಷ್ಟು ಇಳಿದು ಈ ಊರನ್ನು ಮುಟ್ಟುತ್ತದೆ. ಪಯಸ್ವಿನಿ ಹೊಳೆ ಪಕ್ಕದಲ್ಲಿಯೇ ಹರಿಯುತ್ತದೆ. ಊರು ಒಂದಾದರೂ ಸಂಪಾಜೆಗಳು ಎರಡು: ಒಂದು ಕೊಡಗು ಜಿಲ್ಲೆಗೆ ಸೇರಿದ್ದು, ಇನ್ನೊಂದು ದಕ್ಷಿಣ ಕನ್ನಡಕ್ಕೆ ಸೇರಿದ್ದು. ಅಲ್ಲಿಂದ ಅರಂತೋಡನ್ನು ದಾಟಿ ಮುಂದೆ ಹೋದರೆ ಪೆರಾಜೆ ಸಿಕ್ಕುತ್ತದೆ. ಅದು ಮತ್ತೆ ಕೊಡಗಿನದು. ಅದರಾಚೆ ಸುಳ್ಯ, ಮತ್ತೆ ದಕ್ಷಿಣ ಕನ್ನಡ. ಪೆರಾಜೆಯ ರೈತನು ತನ್ನ ಜಿಲ್ಲೆಯ ಕಚೇರಿಗೆ ಹೋಗಬೇಕಾದರೆ ನೆರೆಯ ಜಿಲ್ಲೆಯನ್ನು ಹಾದು, ಘಟ್ಟವನ್ನು ಹತ್ತಿ ಮಡಿಕೇರಿಗೆ ಬರಬೇಕು. ಅವನ ಪೇಟೆಯಾದರೋ ಕೂಗಳತೆಯ ಸುಳ್ಯ.

ಈ ಸರಹದ್ದು ಯಾವ ಸಾರಿಗೆ ತಜ್ಞನೂ ಎಳೆದದ್ದಲ್ಲ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಅದರಿಂದ ಕಡಿದು ಕೆನರಾ ಜಿಲ್ಲೆಗೆ ಜೋಡಿಸಿದರು. ಮೊದಲು ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಾಣ್ಯದಲ್ಲಿ ಕೊಡಬೇಕಾಗಿ ಬಂದದ್ದು 1837ರ ಅಮರ ಸುಳ್ಯದ ದಂಗೆಗೆ ಒಂದು ಕಾರಣವಾಯಿತು. ದಂಗೆ ಅಡಗಿತು, ಗೆರೆ ಉಳಿಯಿತು. 1956ರಲ್ಲಿ ಕೊಡಗೂ ದಕ್ಷಿಣ ಕನ್ನಡವೂ ಒಂದೇ ರಾಜ್ಯಕ್ಕೆ ಸೇರಿದರೂ ಜಿಲ್ಲೆಯ ಗೆರೆ ಅಳಿಯಲಿಲ್ಲ. ಸಂಪಾಜೆಯ ಜನ ಸರ್ಕಾರಿ ಕಾಗದಕ್ಕೆ ಪೂರ್ವಕ್ಕೆ ಹತ್ತುತ್ತಾರೆ; ಕಾಲೇಜು, ಆಸ್ಪತ್ರೆ, ಅಡಕೆಯ ವ್ಯಾಪಾರಗಳಿಗೆ ಪಶ್ಚಿಮಕ್ಕೆ ಇಳಿಯುತ್ತಾರೆ. ಜಿಲ್ಲೆ ಜಿಲ್ಲೆಯಾಗಿ ಯೋಜನೆ ಬರೆಯುವವರ ನಕ್ಷೆಯಲ್ಲಿ ಈ ಊರು ಎರಡು ಹಾಳೆಗಳ ಅಂಚಿನಲ್ಲಿ ಬೀಳುತ್ತದೆ. ಪ್ರಾದೇಶಿಕ ಯೋಜನೆ ಎಂಬುದು ಹುಟ್ಟಿದ್ದೇ ಇಂತಹ ಅಂಚುಗಳನ್ನು ಕೂಡಿಸಿ ನೋಡಲು.

ಇನ್ನು ಎಂಜಿನಿಯರರು ದಾರಿಯನ್ನು ಅಳೆಯುವ ಬಗೆ. ರಸ್ತೆಯ ಮೇಲೆ ಹೋಗುವ ವಾಹನಗಳೆಲ್ಲ ಒಂದೇ ಗಾತ್ರದವಲ್ಲವಾದುದರಿಂದ ಅವೆಲ್ಲವನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ. 1934ರಲ್ಲಿ ಸ್ಥಾಪನೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸು 1990ರಲ್ಲಿ ಹಳ್ಳಿಗಾಡಿನ ಹೆದ್ದಾರಿಗಳಿಗೆ ಕೊಟ್ಟ ಕೋಷ್ಟಕದಲ್ಲಿ ಕಾರಿಗೆ ಒಂದು, ಮೋಟಾರು ಸೈಕಲ್ಲಿಗೆ ಅರ್ಧ, ಬಸ್ಸಿಗೂ ಲಾರಿಗೂ ಮೂರು, ಎತ್ತಿನ ಗಾಡಿಗೆ ಎಂಟು. ಪಾಪ, ನಮ್ಮ ಬಸವನಿಗೆ ಎಲ್ಲರಿಗಿಂತ ದೊಡ್ಡ ಅಂಕೆ! ದಾರಿಯನ್ನು ಎಷ್ಟು ಹೊತ್ತು, ಎಷ್ಟು ಜಾಗ ತಡೆಯುತ್ತದೆ ಎಂಬ ದೃಷ್ಟಿಯಿಂದ ಈ ಲೆಕ್ಕ ತಪ್ಪಲ್ಲ. ಆದರೆ ಐವತ್ತು ಮಂದಿಯನ್ನು ಹೊತ್ತ ಬಸ್ಸು ಇಲ್ಲಿ ಮೂರು ಕಾರುಗಳಷ್ಟು ಅಡ್ಡಿಯಾಗಿ ಮಾತ್ರ ಕಾಣುತ್ತದೆ, ಐವತ್ತು ಮಂದಿಯಾಗಿ ಕಾಣುವುದಿಲ್ಲ. ದಾರಿಯ ಬದಿಯಲ್ಲಿ ನಡೆದು ಹೋಗುವವನಂತೂ ಕೋಷ್ಟಕದಲ್ಲಿಯೇ ಇಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ಸಾಗಿಸಬೇಕಾದದ್ದು ಜನರನ್ನೇ ಹೊರತು ವಾಹನಗಳನ್ನಲ್ಲ ಎಂಬ ತತ್ತ್ವವನ್ನು ಒಪ್ಪಿಕೊಂಡಿತು. ಆದರೆ ಅದು ನಗರಗಳ ನೀತಿ. ಘಟ್ಟದ ಬುಡದ ಊರಿಗೆ ಅದನ್ನು ಅನ್ವಯಿಸುವವರಾರು?

ನಾನು ಕನ್ನಡ ಪಂಡಿತನಾದುದರಿಂದ ಇಲ್ಲಿ ಒಂದು ಶಬ್ದದ ಮಾತು ಆಡಲು ಅನುಮತಿಯಿರಲಿ. ಸಂಚಾರ ಎಂದರೆ ತಿರುಗಾಟ. ಸಾರಿಗೆ ಎಂದಾಗಲಾದರೋ ನನಗೆ ಹಳಗನ್ನಡದ ‘ಸಾರ್’ ಧಾತು ನೆನಪಾಗುತ್ತದೆ. ಅದರರ್ಥ ಸಮೀಪಿಸು, ಬಳಿಗೆ ಹೋಗು ಎಂದು. ಎಷ್ಟು ವೇಗವಾಗಿ ತಿರುಗಿದೆವು ಎಂಬುದು ಬೇರೆ, ಬೇಕಾದದ್ದರ ಬಳಿಗೆ ಸೇರಿದೆವೋ ಇಲ್ಲವೋ ಎಂಬುದು ಬೇರೆ. 1959ರಲ್ಲಿ ವಾಲ್ಟರ್ ಹ್ಯಾನ್ಸೆನ್ ಎಂಬ ಅಮೆರಿಕೆಯ ಸಂಶೋಧಕನು ಈ ಎರಡನೆಯದನ್ನೇ ಅಂಕೆಯಲ್ಲಿ ಅಳೆಯುವ ಬಗೆಯನ್ನು ತೋರಿಸಿದನು: ಒಂದು ಸ್ಥಳದಿಂದ ಎಷ್ಟು ಉದ್ಯೋಗ, ಎಷ್ಟು ಅಂಗಡಿ ಕೈಗೆಟುಕುತ್ತವೆ, ಅವುಗಳಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು. ಈ ಅಳತೆಗೋಲನ್ನು ಹಿಡಿದರೆ ಸಂಪಾಜೆಯ ಹೆದ್ದಾರಿಯ ಬದಿಯ ಮನೆಯೂ ಒಳಗಿನ ಚೆಂಬು ಗ್ರಾಮದ ಮನೆಯೂ ಒಂದೇ ಅಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ಈಗ 2018ರ ಆಗಸ್ಟ್ ತಿಂಗಳಿಗೆ ಬರೋಣ. ಆ ತಿಂಗಳ ನಡುವಿನ ಮಳೆಯಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿಗಳ ಕಡೆ ಬೆಟ್ಟ ಜರಿದು ಮನೆಗಳೂ ಜೀವಗಳೂ ಹೋದವು. ಮಡಿಕೇರಿ–ಸಂಪಾಜೆ ದಾರಿ ತುಂಡುತುಂಡಾಯಿತು. ಮಡಿಕೇರಿಯಿಂದ ಭಾಗಮಂಡಲ, ಕರಿಕೆ, ಕೇರಳದ ಪಾಣತ್ತೂರುಗಳನ್ನು ಸುತ್ತಿ ಸುಳ್ಯದ ಕಡೆಗೆ ಬರುವ ಇಕ್ಕಟ್ಟಿನ ಬಳಸುದಾರಿ ಇದೆಯೇನೋ ನಿಜ, ಆದರೆ ಅದು ಇನ್ನೊಂದು ರಾಜ್ಯವನ್ನು ಹೊಕ್ಕು ಬರುವ ದಾರಿ. ವಾರಗಟ್ಟಲೆ ಸಂಪಾಜೆಗೆ ಮಡಿಕೇರಿ ಪರದೇಶವಾಯಿತು.

ಕರಾವಳಿಗೆ ಇಳಿಯಲು ಶಿರಾಡಿ ಇದೆ, ಚಾರ್ಮಾಡಿ ಇದೆ, ಹಾಸನ–ಮಂಗಳೂರು ರೈಲು ಇದೆ, ಒಂದು ಹೋದರೆ ಇನ್ನೊಂದು ಎಂದು ನಾವು ನಕ್ಷೆಯನ್ನು ನೋಡಿ ಸಮಾಧಾನಪಡುವುದುಂಟು. ಅದೇ 2018ರ ಆಗಸ್ಟಿನಲ್ಲಿ ಶಿರಾಡಿಯಲ್ಲೂ ಗುಡ್ಡ ಕುಸಿಯಿತು, ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿಯ ಮೇಲೂ ಮಣ್ಣು ಬಿತ್ತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈಯಲ್ಲಿ ಸಂಪಾಜೆ ಘಾಟಿಯ ಕರ್ತೋಜಿಯ ಬಳಿ ಬರೆ ಜರಿಯುವ ಭಯದಿಂದ ಕೆಲವು ದಿನ ರಾತ್ರಿಯ ಸಂಚಾರವನ್ನು ನಿಲ್ಲಿಸಿದರು. ಆ ತಿಂಗಳಲ್ಲಿಯೇ ಶಿರಾಡಿಯೂ ಕುಸಿಯಿತು, ಎಡಕುಮೇರಿಯ ಬಳಿ ರೈಲು ದಾರಿಯೂ ಕುಸಿಯಿತು. ಒಂದೇ ಬೆಟ್ಟಸಾಲು, ಒಂದೇ ಮಳೆ. ಹೀಗಿರುವಾಗ ನಾಲ್ಕು ದಾರಿಗಳನ್ನು ನಾಲ್ಕೆಂದು ಎಣಿಸುವುದು ಲೆಕ್ಕದ ಲೋಪ. ಮನೆಯ ನಾಲ್ಕು ಕೊಡೆಗಳನ್ನೂ ಒಂದೇ ಗಾಳಿ ಮಗುಚಿದರೆ ಮನೆಯಲ್ಲಿ ಕೊಡೆಯಿದ್ದೂ ನೆನೆಯಬೇಕಷ್ಟೆ. ಯಾವ ಕೊಂಡಿ ಕಡಿದರೆ ಯಾರು ಒಂಟಿಯಾಗುತ್ತಾರೆ ಎಂಬುದನ್ನು ಮುಂಚಿತವಾಗಿಯೇ ಲೆಕ್ಕ ಹಾಕುವುದು ಈಗ ಸಾರಿಗೆ ಸಂಶೋಧನೆಯ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದಿದೆ. ನಮ್ಮ ಘಟ್ಟಗಳಿಗಿಂತ ಅದಕ್ಕೆ ಉತ್ತಮವಾದ ಕ್ಷೇತ್ರ ಬೇಕೆ?

ರೈಲಿನ ವಿಚಾರವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಕೊಡಗಿನಲ್ಲಿ ರೈಲು ಇಲ್ಲ. ಕೊಡಗು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಸಿ. ಎಂ. ಪೂಣಚ್ಚನವರು 1967ರಿಂದ 1969ರವರೆಗೆ ಭಾರತದ ರೈಲ್ವೆ ಮಂತ್ರಿಗಳೇ ಆಗಿದ್ದರು, ಆದರೂ ಇಲ್ಲ. ಮೈಸೂರಿನ ಕಡೆಯಿಂದ ಕುಶಾಲನಗರದವರೆಗೆ ಹಳಿ ಹಾಕುವ ಮಾತು ಬಹುಕಾಲದಿಂದ ನಡೆದಿದೆ. ಅದು ಬಂದರೂ ನಿಲ್ಲುವುದು ಘಟ್ಟದ ಆಚೆಗೆ. ಸಂಪಾಜೆಗೆ ಬಸ್ಸೇ ಗತಿ.

ಬಸ್ಸಿನ ವಿಷಯದಲ್ಲಿ ಉಪಾಧ್ಯಾಯನಾದ ನನಗೆ ಕಾಣುವುದನ್ನು ಹೇಳುತ್ತೇನೆ. ಒಳಗಿನ ಊರುಗಳ ಮಕ್ಕಳಿಗೆ ಪಾಠದ ಕೊನೆಯನ್ನು ತಿಳಿಸುವುದು ಶಾಲೆಯ ಗಂಟೆಯಲ್ಲ, ಬಸ್ಸಿನ ವೇಳೆ. ಅದು ತಪ್ಪಿದರೆ ಹಂಚಿಕೊಂಡು ಹೋಗುವ ಜೀಪು, ಅದಕ್ಕೆ ಕೈಯಲ್ಲಿ ಕಾಸಿಲ್ಲದಿದ್ದರೆ ಕಾಲು. ಹೆಣ್ಣುಮಕ್ಕಳ ತಾಯಂದಿರು ಹತ್ತನೆಯ ತರಗತಿಯಾದ ಮೇಲೆ ಮೊದಲು ಕೇಳುವುದು ಕಾಲೇಜು ಹೇಗಿದೆ ಎಂದಲ್ಲ, “ಸಂಜೆ ಬಸ್ಸುಂಟಾ ಮಾಷ್ಟ್ರೇ?” ಎಂದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆಯಿತು. ದೊಡ್ಡ ಉಪಕಾರವೇ ಸರಿ. ಆದರೆ ಟಿಕೆಟ್ಟಿನ ಹಣ ಉಳಿಯುವುದು ಬಸ್ಸು ಬರುವ ಊರಿನವರಿಗೆ.

1943ರ ನಾಗಪುರ ಯೋಜನೆ, ಕೃಷಿ ಬೆಳೆದ ಪ್ರದೇಶದ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರವಿರಬಾರದೆಂದು ಗುರಿಯಿಟ್ಟಿತ್ತು. 2000ದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಇನ್ನೂ ಸಣ್ಣ ಜನವಸತಿಗಳಿಗೂ ಸರ್ವಋತು ರಸ್ತೆಯನ್ನು ಮುಟ್ಟಿಸಲು ಹೊರಟಿತು. ರಸ್ತೆಯ ದೂರವನ್ನು ಹೀಗೆ ಅಳೆದಂತೆ ಬಸ್ಸಿನ ದೂರವನ್ನೂ, ಶಾಲೆಯ ದೂರವನ್ನೂ ಅಳೆಯಬೇಕು. ಅದನ್ನು ಎರಡು ಜಿಲ್ಲೆಗಳ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕುಳಿತು ಅಳೆಯಬೇಕು. ವಾಹನಗಳ ಗಣತಿಯನ್ನು ವರ್ಷಕ್ಕೆ ಎರಡು ಸಲ, ಏಳೇಳು ದಿನ ನಡೆಸುವ ಪದ್ಧತಿ ರಸ್ತೆ ಇಲಾಖೆಗಳಲ್ಲಿ ಆಗಲೇ ಇದೆ. ಸಂಪಾಜೆಯಲ್ಲಿ ಅದರಲ್ಲೊಂದು ಆಷಾಢದ ಮಳೆಯಲ್ಲಿ ನಡೆಯಲಿ. ಆಗ ರಸ್ತೆಯ ಬದಿಯಲ್ಲಿ ನಿಂತು ಹೋದ ವಾಹನಗಳನ್ನು ಎಣಿಸಿದವರು ಸಂಜೆ ಚೆಂಬಿನ ಕಡೆಯ ಹತ್ತು ಮನೆಗಳಿಗೆ ಹೋಗಿ, ಇಂದು ಹೊರಡಬೇಕೆಂದಿದ್ದು ಹೊರಡಲಾರದೆ ಉಳಿದವರು ಯಾರು, ಅವರಿಗೆ ಎಲ್ಲಿಗೆ ಹೋಗಬೇಕಿತ್ತು ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆದುಕೊಳ್ಳಲಿ.